ಕ್ರೇನ್ಲಿಯ ಎಂಟನೆಯ ಅಧ್ಯಾಯ

ಸುಬಾಂಗ್ ಜಯಾ, ಮಲೇಷ್ಯಾ
೧೪ ಜುಲೈ ೨೦೨೧

ತೀರ್ಥರೂಪ ಅಪ್ಪಯ್ಯನವರಿಗೆ ಸುಗಂಧಿಯ ನಮಸ್ಕಾರಗಳು.

ಕಾಗದ ತಡವಾಯಿತು, ಬೈಯಬೇಡಿ. ಅಥವಾ ಬೈದುಬಿಡಿ, ಹಾಗಾದರೂ ನಿಮ್ಮ ದನಿ ಕೇಳಲಿ. ಅಮ್ಮ ಹೋಗಿ ಎರಡು ತಿಂಗಳಾಯಿತು, ಅಂದಿನಿಂದ ನೀವು ಫೋನಿಗೆ ಬಂದಿಲ್ಲ. ಪ್ರತಿ ಭಾನುವಾರ ತಮ್ಮ ಅನಿಲನೇ ಫೋನ್ ಎತ್ತಿಕೊಂಡು ಅಪ್ಪಯ್ಯ ಮಲಗಿದ್ದಾರೆ ಎನ್ನುತ್ತಾನೆ. ಬೆಳಿಗ್ಗೆ ಹತ್ತು ಗಂಟೆಗೆ ಮಲಗುವವರೇ ನೀವು? ಅವನಿಗೆ ಸುಳ್ಳು ಹೇಳಲೂ ಬರುವುದಿಲ್ಲ.

ಇಲ್ಲಿ ಮತ್ತೆ ಲಾಕ್‌ಡೌನ್. ಮೆಡಿಕಲ್ ಕಾಲೇಜಿನಲ್ಲಿ ನಾನು ಮಾಡುವ ಪಾಠವೆಲ್ಲ ಈಗ ಊಟದ ಮೇಜಿನಿಂದಲೇ. ಅದು ಮುಗಿದ ಮೇಲೆ ನೀವು ಬರೆದ ನಟ ಹಾರ್ವಿ ಕ್ರೇನ್ಲಿಯ ಜೀವನಚರಿತ್ರೆಯನ್ನು ಟೈಪ್ ಮಾಡುತ್ತೇನೆ. ಅಮ್ಮನಿಗೆ ಮಾತು ಕೊಟ್ಟಿದ್ದೆನಲ್ಲ. ಹೋದ ತಿಂಗಳು ಅನಿಲ ಪುಟಗಳ ಫೋಟೋ ಕಳಿಸಿದ. ಒಂದಕ್ಷರವನ್ನೂ ಬದಲಿಸಬಾರದೆಂದು ನೀವು ಹೇಳಿದ್ದನ್ನೂ ತಿಳಿಸಿದ.

ಚೆನ್ನಾಗಿ ಬರೆದಿದ್ದೀರಿ. ಟೋಪಿ ಅಂಗಡಿಯ ಹುಡುಗ ಮೂಕಿಚಿತ್ರದ ನಾಯಕನಾದದ್ದು, ಟಾಕಿ ಬಂದಾಗ ಅವನ ಕೀರಲು ದನಿಗೆ ಜನ ನಕ್ಕದ್ದು, ಆಮೇಲೆ ಮೂವತ್ತು ವರ್ಷ ಇಂಟರ್‌ವಲ್‌ಗೆ ಮೊದಲೇ ಸಾಯುವ ಪಾತ್ರಗಳಲ್ಲಿ ಹೊಟ್ಟೆ ಹೊರೆದದ್ದು. ಉಡುಪಿಯ ಟಾಕೀಸಿನಲ್ಲಿ ಭಾನುವಾರದ ಇಂಗ್ಲಿಷ್ ಆಟಕ್ಕೆ ರೀಲು ಓಡಿಸಿದ ಕೈಗೇ ಇದು ಸಾಧ್ಯ. ಅವನದೊಂದು ಹಳೆಯ ಚಿತ್ರವನ್ನು ನನ್ನ ಮಗಳು ಶ್ರೀಯಾಳಿಗೆ ತೋರಿಸಿದೆ. “ವೈ ಹಿ ಆಲ್ವೇಸ್ ಡೈ ಲಾ?” ಎಂದು ಇಲ್ಲಿಯವರ ಇಂಗ್ಲಿಷಿನಲ್ಲೇ ಕೇಳಿದಳು. ಅದೇ ಅವನ ಅನ್ನ ಎಂದೆ.

ಎಂಟನೆಯ ಅಧ್ಯಾಯ ನೆನಪಿದೆಯೇ? ಮರುಭೂಮಿಯಲ್ಲಿ ಶೂಟಿಂಗ್. ತಾಯಿ ತೀರಿದಳೆಂದು ತಂತಿ ಬರುತ್ತದೆ, ಸ್ಟುಡಿಯೋದವರು ಬಿಡುವುದಿಲ್ಲ, ಅವನು ಅದೇ ಸಂಜೆ ಸಾಯುವ ದೃಶ್ಯ ಮಾಡುತ್ತಾನೆ. ಎರಡು ವರ್ಷದ ಹಿಂದೆ ಊರಿಗೆ ಬಂದಾಗ ಅದನ್ನು ಗಟ್ಟಿಯಾಗಿ ಓದಿದ್ದೆ. ಅಮ್ಮ ಕಾಫಿ ಲೋಟ ಕೆಳಗಿಟ್ಟು, “ಪಾಪ, ಅವನಾದ್ರೂ ಎಂತ ಮಾಡ್ಲಿಕ್ಕಾಗ್ತದೆ?” ಎಂದಿದ್ದಳು. ನೀವೂ ತಲೆಯಾಡಿಸಿದ್ದಿರಿ.

ಬಿಪಿ ಮಾತ್ರೆ ತಪ್ಪಿಸಬೇಡಿ. ಶ್ರೀಯಾಳ ತಲೆಯ ಮೇಲೆ ಅಲ್ಲಿಂದಲೇ ಕೈಯಿಡಿ, ಸಾಧ್ಯವಾದರೆ ನನ್ನ ಮೇಲೂ.

ನಿಮ್ಮ ಮಗಳು,
ಸುಗಂಧಿ

ಮರೆತ ಮಾತಲ್ಲ ಇದು, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಿಮ್ಮ ಬರಹವೆಲ್ಲ ನೀಲಿ ಶಾಯಿಯಲ್ಲಿದೆ. ಎಂಟನೆಯ ಅಧ್ಯಾಯದ ಕೊನೆಯ ಸಾಲು ಮಾತ್ರ ಕಪ್ಪು. ನಾನು ಓದಿದಾಗ ಅದು ಇರಲಿಲ್ಲ. ‘ಹೆತ್ತವಳ ಚಿತೆಗೆ ಬಾರದವರಿಗೆ ಮುಚ್ಚಿದ ಗಡಿಯೂ ಒಂದು ನೆಪ.’ ಕ್ರೇನ್ಲಿಗೆ ಯಾವ ಗಡಿಯೂ ಮುಚ್ಚಿರಲಿಲ್ಲ ಅಪ್ಪಯ್ಯ. ವಿಮಾನವಿಲ್ಲದೆ, ಅನುಮತಿಯಿಲ್ಲದೆ, ಅಮ್ಮ ಉರಿಯುವುದನ್ನು ಅನಿಲನ ಫೋನಿನಲ್ಲಿ ನೋಡಿದವಳು ನಾನು. ನೀವು ಹೇಳಿದಂತೆ ಆ ಸಾಲನ್ನೂ ಟೈಪ್ ಮಾಡಿದ್ದೇನೆ. ಅದರ ಕೆಳಗೆ ಅಮ್ಮ ಅಂದು ಕಾಫಿ ಲೋಟ ಕೆಳಗಿಟ್ಟು ಹೇಳಿದ ಮಾತನ್ನು ಸೇರಿಸಿದ್ದೇನೆ. ಎರಡರಲ್ಲಿ ಒಂದನ್ನು ನೀವೇ ಹೊಡೆದುಹಾಕಿ.