ಮೂರಡಿ ಸಮುದ್ರ

೩-೪-೧೯೯೭, ಗುರುವಾರ. ಬೆಳಿಗ್ಗೆ ೬

ಅಕ್ಷರ ಕೋಳಿ ಕೆದರಿದ ಹಾಗಿದೆ. ಒತ್ತು, ದೀರ್ಘ ಎಲ್ಲೆಲ್ಲಿ ತಪ್ಪಿದೆಯೋ ಗೊತ್ತಿಲ್ಲ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಕೈ ಇಷ್ಟೇ. ಯಾರೂ ಓದುವುದಿಲ್ಲ. ಆದರೂ ತಪ್ಪಾಯಿತು ಅಂತ ಮೊದಲೇ ಬರೆದಿಟ್ಟರೆ ಮುಂದಿನದು ಸಲೀಸು.

ಟ್ಯಾಂಕಿನ ನೀರಿನ ಬಿಸಿ ೨೭. ಅಳೆಯುವ ಗಾಜಿನ ಕಡ್ಡಿಯಲ್ಲಿ ಉಪ್ಪು ೧೦೨೪. ನೀರು ಗಾಜಿಗೆ ಎಳೆದ ಕೆಂಪು ಗೆರೆಯಿಂದ ಅರ್ಧ ಬೆರಳು ಇಳಿದಿತ್ತು. ಪ್ಲಾಸ್ಟಿಕ್ ಕ್ಯಾನಿನ ಸಿಹಿನೀರು ಎರಡು ಲೀಟರ್ ಹಾಕಿದೆ. ಬಟನ್ ಹವಳ ಎಲ್ಲ ಅರಳಿವೆ — ಎಣಿಸಿದೆ, ನಲವತ್ತಾರು. ಅಣಬೆ ಹವಳ ಹನ್ನೊಂದು. ತೊಗಲು ಹವಳ ಬೆರಳು ಬಿಚ್ಚಿ ನಿಂತಿದೆ. ಜೋಕರ್ ಮೀನು ಎರಡೂ ಊಟ ಮಾಡಿದವು. ಸೀಗಡಿ ಕಲ್ಲಿನ ಸಂದಿಯಿಂದ ಮೀಸೆ ಮಾತ್ರ ತೋರಿಸಿತು.

ಮಂಗಳೂರಿನಲ್ಲಿ ಸಾಕುವ ಮೀನಿನ ಅಂಗಡಿಯಲ್ಲಿ ಐದು ವರ್ಷ ಇದ್ದೆ. ಸಾಹುಕಾರರು ಇದನ್ನೆಲ್ಲ ದಿನಾ ಬರೆಸುತ್ತಿದ್ದರು. ಅಭ್ಯಾಸ ಹೋಗಿಲ್ಲ. ಅಂಗಡಿ ಮುಚ್ಚಿದಾಗ ಮೂಲೆ ಸೀಳಿದ್ದ ಈ ಟ್ಯಾಂಕು ನನಗೆ ಕೊಟ್ಟರು. ಅಂಟು ಹಾಕಿ ನಮ್ಮೂರು ಬಾಬುರಾಯನಕೊಪ್ಪಲಿಗೆ ತಂದೆ. ಮೂರು ಅಡಿ ಉದ್ದ. ಊರಿಗೆಲ್ಲ ಇದೊಂದೇ ಸಮುದ್ರ.

ನಿನ್ನೆ ಸೋಮಯ್ಯ ಸರ್ ಕಾಗದ ಬಂತು. ಮೈಸೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವವರು. ಮಂಗಳೂರಿಗೆ ಬಂದಾಗಲೆಲ್ಲ ಅಂಗಡಿಗೆ ಬಂದು ನನ್ನ ಕೆಲಸ ನೋಡುತ್ತ ನಿಲ್ಲುತ್ತಿದ್ದರು. ಅವರ ಕಾಲೇಜಿನಲ್ಲಿ ಸಮುದ್ರದ ದೊಡ್ಡ ಟ್ಯಾಂಕು ಮಾಡುತ್ತಾರಂತೆ. ನೋಡಿಕೊಳ್ಳಲು ಒಬ್ಬ ಬೇಕಂತೆ. ‘ನಿನ್ನ ಹತ್ತಿರ ಮಾರ್ಕ್ಸ್ ಕಾರ್ಡ್ ಇಲ್ಲ. ನಿನ್ನ ಟ್ಯಾಂಕನ್ನೇ ತೋರಿಸಬೇಕು. ಮೇ ೪ ಭಾನುವಾರ ಬಂದು ಫೋಟೋ ತೆಗೆದುಕೊಂಡು ಹೋಗಿ ಪ್ರಿನ್ಸಿಪಾಲರ ಮುಂದೆ ಇಡುತ್ತೇನೆ’ ಅಂತ ಬರೆದಿದ್ದಾರೆ. ನಾಲ್ಕು ಸಲ ಓದಿದೆ.

ಅಣ್ಣ ಕರಿಯಪ್ಪ ಪಾಲಹಳ್ಳಿ ಕಡೆ ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಾನೆ. ಕಾಗದ ಓದಿಸಿಕೊಂಡ. ‘ಮೇ ನಾಕರ ಗಂಟ ಸುಮ್ಕಿರ್ತೀನಿ ಕಣ್ಲಾ ಮಂಚ. ಆಮ್ಯಾಕೆ ಈ ಉಪ್ಪುನೀರ್ ಪೂಜೆ ಸಾಕು. ಗಾಣಕ್ಕೆ ಕಬ್ಬು ಕೊಡಕ್ಕೆ ಒಬ್ಬ ಬೇಕು’ ಅಂದ.

ಹೋದ ವರ್ಷ ಆಲೆಮನೆಗೆ ಮೂರು ದಿನ ಹೋಗಿದ್ದೆ. ಅಲ್ಲಿ ಎಲ್ಲರೂ ಕೂಗಿಕೊಂಡೇ ಮಾತಾಡಬೇಕು. ನನಗೆ ನಾಲ್ಕು ಜನರ ಮುಂದೆ ಹೆಸರು ಹೇಳಲೂ ಆಗುವುದಿಲ್ಲ. ನಾಲ್ಕನೇ ದಿನ ಎದ್ದವನು ಗೋಡೆ ಕಡೆ ತಿರುಗಿ ಮಲಗಿಬಿಟ್ಟೆ. ಅಣ್ಣ ಅದನ್ನು ಮರೆತಿಲ್ಲ. ನಾನೂ.

೮-೪-೧೯೯೭. ಯುಗಾದಿ

ಹನ್ನೊಂದಕ್ಕೆ ಕರೆಂಟ್ ಹೋಯಿತು. ನಾಲ್ಕಕ್ಕೆ ಬಂತು. ಮೋಟರು ನಿಂತರೆ ಒಳಗೆ ಉಸಿರಿಲ್ಲ. ಮಗ್ಗಿನಲ್ಲಿ ಮೊಗೆದು ಮೇಲಿಂದ ಹುಯ್ಯುತ್ತ ಕೂತೆ. ಐದು ಗಂಟೆ. ಗಾಜಿಗೆ ಒದ್ದೆ ಗೋಣಿ ಸುತ್ತಿದೆ. ಆದರೂ ಬಿಸಿ ೩೦ಕ್ಕೆ ಏರಿತು. ಎದ್ದು ಉಣ್ಣಲು ಆಗಲಿಲ್ಲ. ಅವ್ವ ಬಂದು ಬಾಯಿಗೇ ಒಬ್ಬಟ್ಟು ತುರುಕಿ ಹೋದಳು. ಮಗುವಿಗೆ ಬೀಸಣಿಗೆ ಬೀಸಿದ ಹಾಗೆ ಬೀಸುತ್ತೀಯಲ್ಲಪ್ಪ ಅಂತ ನಕ್ಕಳು.

ಹಳೇ ನೀರು. ಸರ್ ಬರುವ ಮೊದಲು ಬದಲಾಯಿಸಬೇಕು. ಮಂಗಳೂರಿಗೆ ಹೋಗಿ ಸಮುದ್ರದ ನೀರು ತರಬೇಕು — ನಾಲ್ಕು ದಿನದ ಕೆಲಸ. ಅವ್ವನಿಗೆ ಎಲ್ಲ ತೋರಿಸಿಕೊಟ್ಟೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಒಳಗೇ ಉಳಿಯುತ್ತದೆ, ಅದಕ್ಕೆ ಕುಡಿಯುವ ನೀರು ಮಾತ್ರ ಗೆರೆಯ ತನಕ ಹಾಕಬೇಕು ಅಂತ. ಎರಡು ಸಲ ಹೇಳಿಸಿಕೊಂಡಳು. ಎಷ್ಟು ಶ್ರದ್ಧೆಯಿಂದ ಕೇಳಿದಳು.

೧೪-೪-೧೯೯೭, ಸೋಮವಾರ

ಬಂದೆ. ಹತ್ತು ಲೀಟರಿನ ಆರು ಕ್ಯಾನು ಬಸ್ಸಿನ ಟಾಪಿನ ಮೇಲೆ. ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಾಯಿಸುವಾಗ ಕಂಡಕ್ಟರ್ ಹಿಡಿದುಕೊಂಡ. ಸೀಮೆಎಣ್ಣೆ ಅಂದುಕೊಂಡಿದ್ದ. ಮುಚ್ಚಳ ತೆಗೆದು ಬೆರಳು ಅದ್ದಿ ನಾಲಿಗೆಗೆ ಇಟ್ಟು ಉಗಿದ.

‘ನಿಮ್ಮೂರಲ್ಲಿ ಕಾವೇರಮ್ಮ ಅರೀತಾವ್ಳೆ, ನೀನು ಉಪ್ಪುನೀರ್ ಒತ್ಕಂಡ್ ಓಯ್ತಿದೀಯಲ್ಲೋ. ನಿಮ್ಮವ್ವುಂಗೆ ಗೊತ್ತೇನ್ಲಾ?’

ಬಸ್ಸೆಲ್ಲ ನಕ್ಕಿತು. ಹವಳಕ್ಕೆ ಅಂತ ಹೇಳಬೇಕು ಅನ್ನಿಸಿತು. ಹಗ್ಗ ಬಿಗಿಯುತ್ತ ನಿಂತೆ. ಪಾಂಡವಪುರ ದಾಟುವುದರೊಳಗೆ ಒಂದು ಕ್ಯಾನು ಒಡೆದು ಯಾರದೋ ಹಾಸಿಗೆ ಸುರುಳಿ ನೆನೆಯಿತು. ಬೈಸಿಕೊಂಡೆ. ಐದು ಉಳಿದವು.

ಮನೆಯಲ್ಲಿ ನೀರು ಸರಿಯಾಗಿ ಗೆರೆಗೆ ಇದೆ. ಒಂದು ಕೂದಲು ಆಚೀಚೆ ಇಲ್ಲ. ಅವ್ವ ಪಕ್ಕದಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದಳು. ಚೆನ್ನಾಗಿ ನೋಡಿಕೊಂಡಿದ್ದೀಯ ಅಂದೆ. ಆಮೇಲೆ ಎಣಿಸಿದೆ. ಬಟನ್ ನಲವತ್ತರದೇ ಬಾಯಿ ತೆರೆದಿದೆ. ಗಾಜಿನ ಪಾಚಿ ತಿನ್ನುವ ಬಸವನಹುಳು ಎರಡು ಕೆಳಗೆ ಬಿದ್ದು ಮಗುಚಿಕೊಂಡಿವೆ.

ಸೆಖೆಗೆ ಇರಬೇಕು.

೧೭-೪-೧೯೯೭

ಬಿಸಿ ೨೮. ಉಪ್ಪು ೧೦೨೪. ನೀರು ಗೆರೆಯಲ್ಲೇ ಇದೆ, ಹಾಕಲಿಲ್ಲ.

ಹುಳು ಎಲ್ಲ ಸತ್ತಿವೆ. ಬಟನ್ ಇಪ್ಪತ್ತೆರಡು. ಅಣಬೆ ಮುದುಡಿ ಹುಣಸೇಬೀಜದಷ್ಟು ಆಗಿವೆ. ಮೀನು ಮಾತ್ರ ಏನೂ ಆಗದ ಹಾಗೆ ಓಡಾಡುತ್ತಿವೆ.

ಇನ್ನು ಹದಿನೇಳು ದಿನ.

೧೯-೪-೧೯೯೭. ಮಧ್ಯಾಹ್ನ

ಸೀಗಡಿ ಸತ್ತಿತು. ಮೊದಲು ಪೊರೆ ಬಿಟ್ಟಿದೆ ಅಂದುಕೊಂಡೆ. ಕಡ್ಡಿಯಿಂದ ಮುಟ್ಟಿದೆ. ಪೊರೆ ಅಲ್ಲ.

ಮೂರು ಕ್ಯಾನು ಹೊಸ ನೀರು ಹಾಕಿ ಅಷ್ಟೇ ಹಳೇದು ತೆಗೆದೆ. ಮೋಟರು ಬಿಚ್ಚಿ ತೊಳೆದೆ. ತುಕ್ಕು ಇಲ್ಲ. ಉಪ್ಪು ಸರಿ ಇದೆ. ಎಲ್ಲ ಸರಿ ಇದೆ... ಎಲ್ಲ ಸರಿ ಇದ್ದು ಸಾಯುವುದನ್ನು ಹೇಗೆ ನೋಡುತ್ತ ಕೂರುವುದು.

೨೧-೪-೧೯೯೭

ಬಟನ್ ಮೂವತ್ತು! ಹೊಸ ನೀರು ಹಿಡಿಯಿತು. ತೊಗಲು ಹವಳ ಒಂದು ಬೆರಳು ಎತ್ತಿದೆ. ಅವ್ವನನ್ನು ಕರೆದು ತೋರಿಸಿದೆ. ಅವಳಿಗೆ ನನಗಿಂತ ಖುಷಿ.

ನೀರು ಗೆರೆಯಲ್ಲೇ ಇದೆ.

೨೪-೪-೧೯೯೭

ಮತ್ತೆ ಮುಚ್ಚಿಕೊಂಡವು. ತೊಗಲು ಹವಳದ ಚರ್ಮ ಸುಲಿದು ನೂಲಿನ ಹಾಗೆ ತೇಲುತ್ತಿದೆ. ವಾಸನೆ ಬರುತ್ತಿದೆ.

ಯಾವುದನ್ನು ಅನುಮಾನಿಸಲಿ? ಟ್ಯೂಬ್‌ಲೈಟ್ ಬದಲಾಯಿಸಿದೆ. ಸೊಳ್ಳೆಗೆ ಔಷಧಿ ಹೊಡೆಯುವವರು ಬಂದಿದ್ದರೇ ಅಂತ ಬೀದಿಯಲ್ಲಿ ಕೇಳಿದೆ, ನಾನು, ಬಾಯಿ ಬಿಟ್ಟು. ಇಲ್ಲವಂತೆ. ಕೊನೆಗೆ ಅಣ್ಣನ ಬೀಡಿ ಹೊಗೆ ಇರಬಹುದಾ ಅಂತ ಅವನನ್ನೇ ಕೇಳಿದೆ.

‘ನಿನ್ ಹವಳಕ್ಕೇನ್ ಮೂಗೈತೇನ್ಲಾ?’ ಅಂದ. ಆದರೆ ಸಾಯಂಕಾಲದಿಂದ ಜಗಲಿಗೆ ಹೋಗಿ ಸೇದುತ್ತಿದ್ದಾನೆ.

ಹತ್ತು ದಿನ ಇದೆ. ಅನ್ನ ಸೇರುತ್ತಿಲ್ಲ. ಕಣ್ಣು ಮುಚ್ಚಿದರೆ ಬಾಯಿಗಳನ್ನೇ ಎಣಿಸುತ್ತೇನೆ.

೨೬-೪-೧೯೯೭, ಶನಿವಾರ. ಬೆಳಿಗ್ಗೆ ೭

ಗೊತ್ತಾಯಿತು.

ಐದೂವರೆಗೆ ಎಚ್ಚರವಾಯಿತು. ಟ್ಯಾಂಕಿನ ಕಡೆಯಿಂದ ನೀರಿನ ಸಪ್ಪಳ. ಅವ್ವ ನಿಂತಿದ್ದಳು. ಸ್ನಾನ ಮಾಡಿ ಒದ್ದೆ ಕೂದಲು ಗಂಟು ಕಟ್ಟಿ, ಕೈಯಲ್ಲಿ ತಾಮ್ರದ ಚೊಂಬು. ಗಾಜಿನ ಅಂಚಿನಿಂದ ಸಣ್ಣ ಧಾರೆ ಬಿಡುತ್ತಿದ್ದಳು. ಗೆರೆಗೆ ಬಂದ ಮೇಲೆ ನಿಲ್ಲಿಸಿ, ಒಂದು ಗಳಿಗೆ ಕಣ್ಣು ಮುಚ್ಚಿದಳು.

ಹತ್ತನೇ ತಾರೀಖಿನಿಂದ ದಿನಾ ಇದೇ ಅಂತೆ. ಸಂಜೆ ಹೊಳೆಯಿಂದ ನೀರು ತಂದು ರಾತ್ರಿಯಿಡೀ ತಾಮ್ರದ ಬಿಂದಿಗೆಯಲ್ಲಿ ಇಟ್ಟು, ನಾನು ಏಳುವ ಮೊದಲು ಹಾಕುತ್ತಾಳೆ. ನಾನು ಮಂಗಳೂರಿಂದ ಬಂದ ಮೇಲೂ ನಿಲ್ಲಿಸಿಲ್ಲ. ಈ ಮನೆಯಲ್ಲಿ ಬಾಣಂತಿಗೆ, ಕಾಯಿಲೆಯವರಿಗೆ ಕೊಡುವುದು ಆ ನೀರನ್ನೇ. ಅಪ್ಪನ ಕೊನೆ ದಿನಗಳಲ್ಲಿ ಬಾಯಿಗೆ ಬಿಟ್ಟಿದ್ದೂ ಅದೇ.

‘ಆ ಕ್ಯಾನಿನ ನೀರಲ್ಲಿ ಏನೈತೆ ಮಗ? ತಾಮ್ರದ ನೀರಾದ್ರೆ ಒಟ್ಟೆ ತಣ್ಣಗಿರ್ತದೆ. ಸೊರಗ್ತಾವಲ್ಲ ಅಂತ ಈಗ ಬಿಂದಿಗೆಯ ದಿನಾ ಉಣಸೆಣ್ಣಾಕಿ ಬೆಳಗ್ತಾ ಇವ್ನಿ’ ಅಂದಳು.

ಅಂಗಡಿಯಲ್ಲಿ ಮೀನಿಗೆ ಬಿಳಿ ಚುಕ್ಕೆ ಕಾಯಿಲೆ ಬಂದರೆ ಬೇರೆ ತೊಟ್ಟಿಗೆ ಹಾಕಿ ಮೈಲುತುತ್ತದ ನೀರು ಹನಿ ಹನಿ ಬಿಡುತ್ತಿದ್ದೆವು. ಒಂದು ಸಲ ಆ ತೊಟ್ಟಿಯ ಬಲೆಯನ್ನು ತೊಳೆಯದೆ ಹವಳದ ಟ್ಯಾಂಕಿಗೆ ಅದ್ದಿದೆ. ಸಾಹುಕಾರರು ಕಪಾಳಕ್ಕೆ ಹೊಡೆದರು. ಮೈಲುತುತ್ತ ಅಂದರೆ ತಾಮ್ರವೇ, ಮೀನು ಒಂದಿಷ್ಟು ತಡೆದುಕೊಳ್ಳುತ್ತದೆ, ಹವಳ, ಸೀಗಡಿ, ಹುಳು ತಡೆಯುವುದಿಲ್ಲ ಅಂತ ಅವತ್ತು ಕಲಿತೆ. ಹುಣಸೆಹಣ್ಣು ತಿಕ್ಕಿದ ಬಿಂದಿಗೆ. ರಾತ್ರಿಯಿಡೀ. ಹದಿನಾರು ದಿನ.

ನೀರು ಗೆರೆಯಲ್ಲೇ ಇದೆ ಅಂತ ನಾನೇ ಬರೆದಿದ್ದೇನೆ. ಈ ಬಿಸಿಲಲ್ಲಿ ನೀರು ಇಳಿಯದೆ ಇರುತ್ತದಾ? ಬರೆದವನು ಯೋಚನೆ ಮಾಡಲಿಲ್ಲ.

ಹೇಳಬೇಕು ಅಂತ ಬಾಯಿ ತೆರೆದೆ. ಇನ್ನು ಮೇಲೆ ನಾನೇ ಹಾಕುತ್ತೇನೆ, ನಿನಗೆ ಸೊಂಟ ನೋವು ಅಂದೆ ಅಷ್ಟೆ. ಅವ್ವ ಚೊಂಬು ಎದೆಗೆ ಹಿಡಿದುಕೊಂಡು ನಿಂತಳು.

‘ಅಪ್ಪ ಸತ್ತಾಗ ದನ ಮೇಯ್ಸಕ್ಕೆ ಅಂತ ಇಸ್ಕೂಲ್ ಬುಡಿಸ್ಬುಟ್ಟೆ ನಿನ್ನ. ಓದಿದ್ರೆ ಇವತ್ತು ಯಾರ್ ಮುಂದ್ಲೂ ಕಾಯ್ಬೇಕಿರ್ನಿಲ್ಲ. ಇಷ್ಟಾದ್ರೂ ನನ್ ಕೈಲಾದ್ದು ಮಾಡ್ತೀನಿ ಕಣಪ್ಪ.’

ಇನ್ನು ಹೇಗೆ ಹೇಳಲಿ.

೨೮-೪-೧೯೯೭

ಉಳಿದ ಎರಡು ಕ್ಯಾನು ಹಾಕಿದೆ. ಇನ್ನು ಸಮುದ್ರದ ನೀರಿಲ್ಲ. ತಾಮ್ರ ಕಲ್ಲಿಗೆ ಇಳಿದಿದೆ. ಕಲ್ಲೇ ಮತ್ತೆ ನೀರಿಗೆ ಬಿಡುತ್ತಿದೆ.

ಬಟನ್ ಒಂಬತ್ತು.

೧-೫-೧೯೯೭

ಬಟನ್ ನಾಲ್ಕು. ಅಣಬೆ ಇಲ್ಲ. ತೊಗಲು ಹವಳ ತೆಗೆದು ಹಿತ್ತಲಲ್ಲಿ ಹೂತೆ.

ಬರಬೇಡಿ ಸರ್ ಅಂತ ಕಾಗದ ಬರೆದೆ. ಹರಿದೆ. ನಾಲ್ಕಾದರೂ ಇವೆಯಲ್ಲ. ಹತ್ತಿರದಿಂದ ಫೋಟೋ ತೆಗೆದರೆ ಟ್ಯಾಂಕೆಲ್ಲ ಹೀಗೇ ಇದೆ ಅನ್ನಿಸಬಹುದು. ಇಂಥ ಯೋಚನೆಯೆಲ್ಲ ಬರುತ್ತಿದೆ.

೪-೫-೧೯೯೭, ಭಾನುವಾರ

ಹತ್ತಕ್ಕೆ ಬಂದರು. ಕ್ಯಾಮೆರಾ ಕೊರಳಲ್ಲಿ. ಬಾಗಿಲಲ್ಲೇ ನಗುತ್ತ, ಎಲ್ಲಯ್ಯ ನಿನ್ನ ಸಮುದ್ರ ಅಂದರು. ಟ್ಯಾಂಕಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ನಗು ಹೋಯಿತು. ಕ್ಯಾಮೆರಾ ಮುಚ್ಚಳ ತೆಗೆಯಲಿಲ್ಲ.

ಹುಳು ಯಾವಾಗ ಸತ್ತವು, ಸೀಗಡಿ ಯಾವಾಗ ಅಂತ ಒಂದೊಂದೇ ಕೇಳಿದರು. ಹೇಳಿದೆ. ಮೀನು ಎರಡೂ ಅವರ ಬೆರಳ ಹಿಂದೆ ಗಾಜಿನಗುಂಟ ಓಡಿದವು.

‘ಮೀನು ಚೆನ್ನಾಗಿದೆ, ಉಳಿದದ್ದೆಲ್ಲ ಹೋಗಿದೆ. ತಾಮ್ರ ಕಣಯ್ಯ ಇದು. ಯಾರು ಹಾಕಿದ್ದು?’

ಅವ್ವ ಅಡುಗೆಮನೆ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದಳು. ತಾಮ್ರ ಅಂದಿದ್ದು ಕೇಳಿಸಿತು. ಮುಖ ಅರಳಿತು. ಹೇಳಲು ಒಂದು ಹೆಜ್ಜೆ ಮುಂದೆ ಬಂದಳು.

‘ನಾನೇ ಸರ್’ ಅಂದೆ.

ಜೀವಮಾನದಲ್ಲಿ ಅಷ್ಟು ಜೋರಾಗಿ ಮಾತಾಡಿಲ್ಲ.

‘ನೀನಾ?’

‘ತಾಮ್ರದ ಬಿಂದಿಗೆ ನೀರು ಒಳ್ಳೇದು ಅಂತ ಹಾಕಿದೆ ಸರ್.’

‘ಐದು ವರ್ಷ ಅಂಗಡೀಲಿ ಇದ್ದೆಯಲ್ಲೋ. ಹವಳಕ್ಕೆ ತಾಮ್ರ ವಿಷ ಅಂತ ಗೊತ್ತಿರಲಿಲ್ವ?’

‘ಗೊತ್ತಿರಲಿಲ್ಲ ಸರ್.’

ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಕಾಫಿ ಕುಡಿದರು. ಅವ್ವನಿಗೆ ಕಾಫಿ ಚೆನ್ನಾಗಿದೆ ತಾಯಿ ಅಂದರು. ಬಾಗಿಲ ಹೊರಗೆ ಬಂದ ಮೇಲೆ ನನ್ನ ಭುಜದ ಮೇಲೆ ಕೈ ಇಟ್ಟು, ಪ್ರಿನ್ಸಿಪಾಲರಿಗೆ ಏನಂತ ಹೇಳಲಿ, ಓದಿದವನನ್ನೇ ತೆಗೆದುಕೊಳ್ಳಿ ಅನ್ನುತ್ತಾರೆ, ನಾನು ಇನ್ನು ವಾದ ಮಾಡಲಾರೆ ಅಂದರು. ಮೈಸೂರು ರಸ್ತೆಯ ತನಕ ಜೊತೆಗೆ ಹೋದೆ. ಬಸ್ಸು ಬೇಗ ಬಂತು.

ವಾಪಸ್ ಬಂದಾಗ ಅವ್ವ ಲೋಟ ಹಿಡಿದು ಅಲ್ಲೇ ನಿಂತಿದ್ದಳು.

೬-೫-೧೯೯೭

ಬಿಸಿ ೨೯. ಉಪ್ಪು ನೋಡಲಿಲ್ಲ. ಬಟನ್ ಒಂದೂ ಇಲ್ಲ.

ಅಣ್ಣ ಬೈಯುತ್ತಾನೆ ಅಂದುಕೊಂಡಿದ್ದೆ. ಟ್ಯಾಂಕಿನ ಮುಂದೆ ನಿಂತು ತಲೆ ಕೆರೆದುಕೊಂಡ. ‘ಮೀನವೆ, ಇರ್ಲಿ ಬುಡು. ಗುರುವಾರದಿಂದ ಆಲೆಮನೆಗೆ ಬಂದ್ಬುಡ್ಲಾ’ ಅಂದ. ಕೂಗುವವರ ಹತ್ತಿರ ನಿಲ್ಲಿಸುವುದಿಲ್ಲ, ಕಬ್ಬಿನ ಸಿಪ್ಪೆ ಒಣಗಲು ಹರಡುವ ಕಡೆ ಹಾಕಿಸುತ್ತೇನೆ ಅಂತಲೂ ಹೇಳಿದ.

ಅವ್ವ ಎರಡು ದಿನದಿಂದ ಈ ಮೂಲೆಗೆ ಬರುತ್ತಿಲ್ಲ. ಗುಡಿಸುವಾಗಲೂ ಸುತ್ತು ಹಾಕಿ ಹೋಗುತ್ತಾಳೆ. ನಿನ್ನೆ ಸಂಜೆ ಇದ್ದಕ್ಕಿದ್ದ ಹಾಗೆ, ‘ನಿಂಗೆ ಗೊತ್ತಿತ್ತು ಅಲ್ವ?’ ಅಂದಳು. ಕೇಳಿಸದ ಹಾಗೆ ಕ್ಯಾನಿನ ಹಗ್ಗ ಸುತ್ತುತ್ತಿದ್ದೆ. ಮತ್ತೆ ಕೇಳಲಿಲ್ಲ.

೮-೫-೧೯೯೭, ಗುರುವಾರ. ಬೆಳಿಗ್ಗೆ ೬

ಅಣ್ಣ ಹೊರಗೆ ಸೈಕಲ್ ಹಿಡಿದು ಬೆಲ್ ಹೊಡೆಯುತ್ತಿದ್ದಾನೆ. ಬೇಗ ಬರೆಯಬೇಕು.

ಇನ್ನು ನಾನು ಸಾಯಂಕಾಲದ ತನಕ ಇರುವುದಿಲ್ಲ. ಮೀನಿಗೆ ಹಗಲು ಒಂದು ಸಲ ಊಟ ಹಾಕಬೇಕು. ಅವ್ವನನ್ನು ಕರೆದೆ. ‘ನನ್ ಕೈ ಬ್ಯಾಡ ಕಣ್ ಮಗ’ ಅಂತ ಕೈ ಸೆರಗಿನೊಳಗೆ ಇಟ್ಟುಕೊಂಡಳು. ನಾನೇ ಕೈ ಹೊರಗೆ ತೆಗೆದೆ. ಒಂದು ಚಿಟಿಕೆ ಕಾಳುಪುಡಿ ಬೆರಳಿಗೆ ಇಟ್ಟು, ಮಣಿಕಟ್ಟು ಹಿಡಿದು ನೀರಿನ ಮೇಲೆ ತಂದೆ. ಇಷ್ಟೇ ಸಾಕು, ಉದುರಿಸು ಅಂದೆ. ಮೀನು ಎರಡೂ ಮೇಲಕ್ಕೆ ಬಂದು, ಅವ್ವನ ಬೆರಳನ್ನೇ ಮುಟ್ಟಿ ಮುಟ್ಟಿ ತಿಂದವು. ಅವ್ವ ಕೈ ಹಿಂದಕ್ಕೆ ಎಳೆಯಲಿಲ್ಲ.