ಬಲ್ಬಮ್ಮ

ಜೂನ್ ೩, ಮಂಗಳವಾರ
ಮೆಕ್ಕೆಜೋಳ ಕುಟ್ಟಿ ಕುಟ್ಟಿ ಅಂಗೈಯೆಲ್ಲ ಬೊಬ್ಬೆ. ಡೀಸೆಲ್ ಇಲ್ಲವೆಂದು ಊರಿನ ಗಿರಣಿ ಮತ್ತೆ ಮುಚ್ಚಿದೆ. ಒನಕೆಯೇ ಗತಿ.

ಸಂಜೆ ನನ್ನ ಗಂಡ ಬಿಸ್ವಿಕ್ ಓಡುತ್ತ ಬಂದ. ಮೊಜಾಂಬಿಕ್ ಕಡೆಯಿಂದ ನಮ್ಮ ಮಲಾವಿಗೆ ಕರೆಂಟ್ ತರುವ ಹೊಸ ಲೈನು ನಮ್ಮ ತಲೆಯ ಮೇಲೇ ಹಾದುಹೋಗುತ್ತದೆ. ಅದರ ಟವರ್‌ಗಳಿಗೆ ಅವನೇ ಕಾವಲು.

"ಎಸ್ನಾರ್ಟ್, ಉದ್ಘಾಟನೆಗೆ ನಮ್ಮನೇನೇ ಆರಿಸಿದಾರೆ ಕಣೇ! ಗುರುವಾರ ಎರಡೂ ದೇಶದ ಮಂತ್ರಿಗಳು ಬರ್ತಾರೆ. ಸ್ವಿಚ್ ಒತ್ತೋದು ನೀನಂತೆ."

"ಊರಿಗೆ ಕಂಬಾನೇ ಹಾಕಿಲ್ವಲ್ಲ?"

"ಅದೆಲ್ಲಾ ಅವರು ನೋಡ್ಕೋತಾರೆ ಬಿಡು."

ಜೂನ್ ೫
ಒತ್ತಿದೆ. ಬಲ್ಬ್ ಹತ್ತಿತು. ಡೋಲು, ಕುಣಿತ, ಕ್ಯಾಮೆರಾ. ಮೈಕ್ ಕೊಟ್ಟರು. ಹೇಳಿಕೊಟ್ಟಂತೆ ಹೇಳಿದೆ: "ನೆರೆಯವರ ಕರೆಂಟು ನಮ್ಮೂರಿಗೆ ಬಂತು. ಇನ್ನು ನಮ್ಮ ಗಿರಣಿ ನಿಲ್ಲಲ್ಲ."

ಚರ್ಚಿನ ಹಿಂದೆ, ಲಾರಿಯ ಮೇಲೆ, ಜನರೇಟರ್ ಗುಡುಗುತ್ತಿತ್ತು. ಕೇಳಿಸಿತ್ತು. ಮುಂದಿನ ತಿಂಗಳು ಕಂಬ ಹಾಕುತ್ತೇವೆ ಅಂದಿದ್ದಾರಲ್ಲ ಎಂದುಕೊಂಡೆ...

ಕಾರುಗಳ ಧೂಳು ಅಡಗುವ ಮೊದಲೇ ವೈರ್ ಸುತ್ತಿಕೊಂಡರು. ಬಲ್ಬನ್ನೂ ಬಿಚ್ಚಿಕೊಂಡು ಹೋದರು.

ಜುಲೈ ೧೧
ಕಂಬ ಬರಲಿಲ್ಲ. ಊರವರು ಜಿಲ್ಲೆಯ ವಿದ್ಯುತ್ ಕಚೇರಿಗೆ ಹೋಗಿ ಬಂದರು. ಮುಂದಾಳು ಪಕ್ಕದ ಮನೆಯ ನಸಿಬೇಕೊ ಅಜ್ಜಿ. ವಾಪಸ್ ಬಂದವಳು ನೇರ ನನ್ನ ಅಂಗಳಕ್ಕೆ.

"ನಿಮ್ಮೂರಿಗೆ ಆಗ್ಲೇ ಕರೆಂಟ್ ಬಂದಿದೆಯಲ್ಲ ಅಂದ ಆ ಸಾಹೇಬ. ಫೋನಲ್ಲಿ ತೋರಿಸ್ದ. ನೀನೇ ಹಲ್ಲು ಕಿರಿದು ಹೇಳ್ತಿದ್ದೆ. ನಮ್ಮ ಪಾಲಿನ ಕಂಬಗಳು ಬೇರೆ ಊರಿಗೆ ಹೋದ್ವಂತೆ."

"ಅಜ್ಜಿ, ಅವರು ಹೇಳಿಕೊಟ್ಟಿದ್ದು..."

"ಗಿಣೀನೂ ಹೇಳಿಕೊಟ್ಟಿದ್ದೇ ಹೇಳುತ್ತೆ. ಅದು ಪಂಜರದಲ್ಲಿರುತ್ತೆ, ತಾಯಿ. ನಿನ್ನನ್ನ ಯಾರು ಕೂಡಿಹಾಕಿದ್ರು?"



ಜುಲೈ ೧೪
ನೀರಿಗೆ ಹೋದೆ. ಬೋರ್‌ವೆಲ್ ಹತ್ತಿರ ಮಾತು ಗಕ್ಕನೆ ನಿಂತಿತು. ಆಮೇಲೆ ಯಾವಳೋ — "ದಾರಿ ಬಿಡ್ರೇ, ಬಲ್ಬಮ್ಮ ಬಂದ್ಲು."

ನಗು. ಅರ್ಧ ಕೊಡ ತುಂಬಿಸಿಕೊಂಡು ಬಂದುಬಿಟ್ಟೆ.

ಆಗಸ್ಟ್ ೪
ಪೇಟೆಯಲ್ಲಿ ರೇಡಿಯೋ ಕೇಂದ್ರವಿದೆ. ಹೋಗಿ ನಿಜ ಹೇಳುತ್ತೇನೆ ಎಂದೆ.

"ನೀನು ಬಾಯಿ ಬಿಟ್ರೆ ನನ್ನ ಕೆಲಸ ಹೋಗುತ್ತೆ," ಎಂದ ಬಿಸ್ವಿಕ್.

"ಬಿಡದಿದ್ರೆ ಊರಿಗೇ ಕತ್ತಲೆ."

"ಊರು ನಿನಗೆ ಊಟ ಹಾಕುತ್ತಾ?"

ಆದರೂ ಹೋದೆ. ಎಲ್ಲ ಹೇಳಿದೆ — ಲಾರಿ, ಜನರೇಟರ್, ಬಿಚ್ಚಿಕೊಂಡು ಹೋದ ಬಲ್ಬ್.

ಆಗಸ್ಟ್ ೯
ಅವನ ಕೆಲಸ ಹೋಯಿತು. ಮೈಮೇಲಿನ ಕಾವಲಿನ ಕೋಟನ್ನೂ ಬಿಚ್ಚಿಸಿಕೊಂಡರಂತೆ. ಚಳಿಯಲ್ಲಿ ಅಂಗಿಯಲ್ಲೇ ನಡೆದು ಬಂದ. ತಟ್ಟೆಯಲ್ಲಿ ನ್ಸಿಮಾ ಮುದ್ದೆ ಆರಿ ಕಲ್ಲಾಯಿತು, ಮುಟ್ಟಲಿಲ್ಲ.

"ಈಗ ಸಮಾಧಾನ ಆಯ್ತಾ?" ಎಂದ.



ಅಜ್ಜಿ ಬಾಗಿಲಲ್ಲಿ ಒಂದು ಬುಟ್ಟಿ ಗೆಣಸು ಇಟ್ಟು ಹೋದಳು. ಊರು ಊಟ ಹಾಕುತ್ತಾ ಅಂದಿದ್ದನಲ್ಲ — ಕೆಲಸ ಹೋದ ಮನೆಗೆ ಗೆಣಸು!

ಆಗಸ್ಟ್ ೨೬, ಬೆಳಿಗ್ಗೆ
ವಿದ್ಯುತ್ ಕಚೇರಿಯವರು ಪೇಟೆಯಿಂದ ಕಂಬ ನೆಡುತ್ತ ಬಂದಿದ್ದಾರೆ. ಕೊನೆಯ ಕಂಬ ನನ್ನ ಅಂಗಳಕ್ಕೆ.

"ಉಳಿದ ಮನೆಗಳಿಗೆ?"

"ಅದನ್ನ ಆಮೇಲೆ ನೋಡೋಣ, ತಾಯಿ," ಎಂದ ಸಾಹೇಬ. "ಕರೆಂಟ್ ಇಲ್ಲ ಅಂದಿದ್ದು ನೀವು ತಾನೇ? ಊರಿಗೆ ಬಂತು ಅಂತ ರೇಡಿಯೋದಲ್ಲಿ ಹೇಳಿಬಿಡಿ. ನಿಮ್ಮ ಯಜಮಾನರ ಕೆಲಸಾನೂ ವಾಪಸ್ ಬರುತ್ತೆ."

ಬಿಸ್ವಿಕ್ ನನ್ನ ಮುಖ ನೋಡಿದ. ಎಷ್ಟು ದಿನವಾಗಿತ್ತು ಅವನು ನೋಡಿ...

ಬೇಲಿಯಾಚೆ ಊರೆಲ್ಲ ನಿಂತಿದೆ. ಅಜ್ಜಿ ಎಲ್ಲರಿಗಿಂತ ಮುಂದೆ. ಬೈದಿದ್ದರೂ ಆಗುತ್ತಿತ್ತು.

ಯೋಚಿಸಿ ಹೇಳುತ್ತೇನೆಂದು ಒಳಗೆ ಬಂದು ಕೂತಿದ್ದೇನೆ.

ಗುದ್ದಲಿ ಸದ್ದು. ನಾನಿನ್ನೂ ಹೂಂ ಅಂದಿಲ್ಲ. ಕಿಟಕಿಯಿಂದ ನೋಡಿದೆ — ತೋಡುತ್ತಿರುವುದು ಕಚೇರಿಯವರಲ್ಲ, ಬಿಸ್ವಿಕ್. ಕಂಬದ ಗುಂಡಿ ಆಗಲೇ ಮೊಣಕಾಲುದ್ದ ಆಗಿದೆ.

ಹೋಗುತ್ತೇನೆ. ಹೋಗಿ ಆ ಗುಂಡಿಯೊಳಗೆ ನಾನೇ ನಿಂತು, ಊರಿಗೆಲ್ಲ ಕಂಬ ಬರುವವರೆಗೆ ಇಲ್ಲಿ ಕಂಬ ನೆಡಲು ಬಿಡುವುದಿಲ್ಲ ಎನ್ನುತ್ತೇನೆ.