ಪೀರಸಾಬನ ಸುಣ್ಣದ ಚುಕ್ಕಿ

ಸ್ಟೇಷನ್ ರಸ್ತಾ, ವಿಜಾಪುರ
ಗುರುವಾರ, ೨೦ ಜನವರಿ ೧೯೭೨

ಪ್ರೀತಿಯ ಅಬ್ಬಾಗ ನಿನ್ನ ಸಕೀನಾಳ ಸಲಾಂ.

ಕಣ್ಣು ಹೆಂಗದಾವು? ಪಟ್ಟಿ ಬಿಚ್ಚೂತನಕ ಕೈ ಹಚ್ಚಬ್ಯಾಡ ಅಂತ ಡಾಕ್ಟರು ಹೇಳ್ಯಾರ. ನೀ ಹಚ್ಚೇ ಹಚ್ಚತಿ ಅಂತ ನನಗ ಗೊತ್ತೈತಿ, ಅದಕ್ಕ ರಾಜಬಿ ಆಪಾಗ ಹೇಳಾಕತ್ತೇನಿ: ಆಪಾ, ಅಬ್ಬಾನ ಎರಡೂ ಕೈ ಕಟ್ಟಿ ಹಾಕು. ಈ ಪತ್ರ ಅವಗ ಜೋರಾಗಿ ಓದಿ ಹೇಳು, ಆದ್ರ ಸಾಲ್ಯಾಗ ಓದತಿದ್ದೆಲ್ಲ, ಹಂಗ ನಡುನಡುವ ಸಾಲು ನುಂಗಬ್ಯಾಡ. ಅಬ್ಬಾ, ಮಿರಜದ ಚಪಾತಿ ಗಂಟಲದಾಗ ಇಳಿಯವಲ್ದು ಅಂತ ನೀ ಗೊಣಗೂದು ಇಲ್ಲಿತನಕ ಕೇಳಸತೈತಿ. ಬಕ್ರೀದಕ್ಕ ಇನ್ನ ಒಂದ ವಾರ ಐತಿ, ಆ ಕಡೆ ಬರೂ ಮಂದಿ ಕೈಯಾಗ ಕಟಕ್ ರೊಟ್ಟಿ, ಶೇಂಗಾ ಹಿಂಡಿ ಕಳಸತೇನಿ. ನಾ ಆರಾಮದೇನಿ. ಅಂಗಡಿ ದಿನಾ ತಗಿತೇನಿ. ಬಂದೂಕ ರಿಪೇರಿ ಅಂಗಡ್ಯಾಗ ಹೆಣ್ಮಗಳು ಕುಂತಾಳ ಅಂತ ನೋಡಾಕ ಬರೂ ಮಂದಿನ ಗಿರಾಕಿಗಿಂತ ಹೆಚ್ಚು. ನೋಡ್ಲಿ, ಅವರ ಕಣ್ಣೂ ಒಂದಿನ ಪಟ್ಟಿಗೆ ಬರತಾವು. ನಿನ್ನ ಎಲಿಡಬ್ಬಿ ನೀ ಇಟ್ಟಲ್ಲೇ ಐತಿ, ಸುಣ್ಣ ಒಣಗಬಾರದು ಅಂತ ನಾಕ ಹನಿ ನೀರು ಹಾಕತಿರತೇನಿ.

ಈಗ ನಿನ್ನ ಹೊಟ್ಟಿ ಉರಿಸಿದ ಮಾತಿಗೆ ಬರತೇನಿ. ಬಬಲೇಶ್ವರದ ತಮ್ಮನಗೌಡ ಆಡಿದ್ದು ಮಿರಜತನಕ ಮುಟ್ಟಿ, ನೀ ಎರಡು ದಿನ ಊಟಾ ಬಿಟ್ಟಿ ಅಂತ ಆಪಾ ಬರದಾಳ. ಹೌದು, ಆಡ್ಯಾನ. ನಮ್ಮ ಅಂಗಡಿ ಮೆಟ್ಟಲ ಮ್ಯಾಲ ನಿಂತು, ಹತ್ತು ಮಂದಿ ಕೂಡೂತನಕ ಕಾದು ಆಡ್ಯಾನ. "ಪೀರಸಾಬಗ ಕಣ್ಣು ಕಾಣಂಗಿಲ್ಲ, ನನ್ನ ರೈಫಲ್ಲಿನ ಪಿನ್ನು ಹಾಳ ಮಾಡಿ ಕೊಟ್ಟಾನ, ಅವನ ರಿಪೇರಿ ಲೈಸನ್ಸ ತಗಸತೇನಿ" ಅಂದ. ಮೂವತ್ತು ವರ್ಷ ಫೌಜಿನೊಳಗ, ಮನ್ಯಾಗ ಬರೇ ಬಂದೂಕ ಬಿಚ್ಚಿ ಕೂಡಿಸಿದ ಮನಶ್ಯಾಗ ಈ ಮಾತು. ಆದ್ರ ಅಬ್ಬಾ, ನೀ ಗೆದ್ದಿ. ಮೊದಲ ಆ ಮಾತು ಹೇಳಿಬಿಡತೇನಿ, ಅಂದ್ರ ಉಳಿದದ್ದನ್ನ ಉಣಕೊಂತ ಕೇಳತಿ. ಆಪಾ, ಅವನ ಮುಂದ ತಾಟು ಇಟ್ಟ ಮ್ಯಾಲ ಮುಂದ ಓದು.

ಲಡಾಯಿ ಮುಗದು ತಿಂಗಳ ಮ್ಯಾಲಾತು, ಕಾಡತೂಸು ಮಾತ್ರ ಊರಿಗೆ ಬಂದಿಲ್ಲ. ಕಾರಖಾನ್ಯಾಗ ಆದದ್ದೆಲ್ಲಾ ಫೌಜಿಗೆ ಹೋತು, ಹೋಗಬೇಕಾದ್ದ. ಇಲ್ಲಿ ಲೈಸನ್ಸ ಇದ್ದ ದೊಡ್ಡ ಮಂದಿ ಮಾತ್ರ ಸಂದೂಕ, ಅಟ್ಟ ಎಲ್ಲಾ ಕೆದರಿ, ಅಜ್ಜನ ಕಾಲದಿಂದ ಉಳದ ಕಾಡತೂಸು ತಂದು ನನ್ನ ಮುಂದ ಸುರವತಾರ. ಸುರವೂಕಿಂತ ಮೊದಲ ತಾವ ಪರೀಕ್ಷಾ ಮಾಡಿರತಾರ, ಆಹಾ, ಏನ ಪರೀಕ್ಷಾ! ಇಟ್ಟಂಗಿಹಾಳದಾಂವ ಒಬ್ಬ ಹಲ್ಲೀಲೆ ಕಚ್ಚಿ ನೋಡಿ ಗಟ್ಟಿ ಐತಿ ಅಂತಾನ. ಇನ್ನೊಬ್ಬ ತೆಂಗಿನಕಾಯಿ ಆರಿಸಿದಂಗ ಕಿವಿ ಹತ್ರ ಹಿಡದು ಅಲಗಾಡಸತಾನ. ಎದುರಂಗಡಿ ಬಾಬುಸಾಬ ಚಾಚಾ, ಕಾಡತೂಸು ಮಾರಾಕ ಲೈಸನ್ಸ ಇದ್ದ ಯಾಪಾರಿ ಅಂವ, ಉಳದಿದ್ದ ಹಳೇ ಮಾಲಿಗೆ ಹುಣಸಿಹಣ್ಣು, ಬೂದಿ ಹಾಕಿ ತಿಕ್ಕಿಸ್ಯಾನ. ಹುಳಿ ತಿಂದು ತಿಂದು ಹಿತ್ತಾಳಿ ಕೆಂಪಾಗಿ ನಿಂತೈತಿ, ಗಟ್ಟಿ ಒತ್ತಿದ್ರ ಬಿರಿತೈತಿ. ಅದನ್ನ ಕಪಾಟಿನ ಮುಂದ ಸಾಲಾಗಿ ನಿಂದರಸಿ ಹೊಸಾ ಮಾಲು ಅಂತಾನ. ಚಾಚಾ, ಲಗ್ನದ ತಂಬಗಿ ಮಾರಾಕತ್ತಿಯೇನು ಅಂತ ಕೇಳಿದೆ. ಅವತ್ತಿಂದ ನನ್ನ ಮಾರಿ ನೋಡವಲ್ಲ. ಪುಣ್ಯಾ ಬಂತು.

ನೀ ಕಲಿಸಿದ್ದು ನಾ ಬಿಟ್ಟಿಲ್ಲ. ಮೊದಲ ಒಣಾ ಅರಿವೀಲೆ ಒರಸೂದು. ತಳದಾಗ ಪಿನ್ನು ಬಡಿಯೂ ಕ್ಯಾಪು ಭೂತಗನ್ನಡ್ಯಾಗ ನೋಡೂದು, ಜಂಗು, ಜಿಡ್ಡು ಇದ್ರ ಆಕಡೆ. ಗುಂಡು ಕೂತ ಕುತ್ತಿಗಿ ಸುತ್ತ ಉಗುರು ಎಳಿಯೂದು, ಉಗುರು ತಟಗ್ ಅಂತ ಸಿಕ್ರ ಅಲ್ಲಿ ಬಿರುಕು ಐತಿ. ಗುಂಡನ್ನ ಎರಡು ಬೆರಳಾಗ ಹಿಡದು ತಿರುವೂದು, ತಿರುಗಿದ್ರ ಸಡ್ಲಾಗೇತಿ. ಕಡೀಕ ಪತ್ತಾರನ ತಕ್ಕಡ್ಯಾಗ ಒಂದರ ಎದುರು ಒಂದು ತೂಗೂದು. ಇಷ್ಟೂ ದಾಟಿದ್ದಕ್ಕ ನಿನ್ನ ಎಲಿಡಬ್ಬಿ ಸುಣ್ಣದ ಒಂದು ಚುಕ್ಕಿ, ಅದು ಚಹಾದ ಡಬ್ಬಿಗೆ. ದಾಟದಿದ್ದದ್ದು ಬಿಸ್ಕೀಟಿನ ಡಬ್ಬಿಗೆ. ರಿಪೇರಿ ಆದ ರೈಫಲ್ಲು ಹಾರಿಸಿ ನೋಡಾಕ ಅಂತ ನಾವು ಇಟಗೊಂಡ ಹತ್ತು ಕಾಡತೂಸು ಮಿರಜಕ್ಕ ಹೋಗೂ ಹಿಂದಿನ ದಿನ ಕುಂತು ನೀನ ಆರಿಸಿದ್ದಿ, ನಾಕು ಪಾಸು, ಆರು ನಾಪಾಸು. ಅವತ್ತು ಭೂತಗನ್ನಡಿ ಬ್ಯಾಡ, ನನಗ ಬೆರಳ ಸಾಕು ಅಂತ ಜಂಬಾ ಮಾಡಿದ್ದಿ, ನೆನಪೈತಿಲ್ಲೊ?

ಇನ್ನ ಗೌಡನ ಕತಿ. ಅವನ ಹೊಲದ ಬಿಳಿಜೋಳ ಹಾಲು ತುಂಬಿ ನಿಂತಾವು, ಅಲ್ಲಿಗೆ ಒಂಟಿ ಸಲಗ ಬಂದು ಸೇರೇತಿ. ಯಾವ ಜೀವ ಅಂತ ನಾ ಬರಿಯಂಗಿಲ್ಲ, ಅದರ ಹೆಸರು ತಗೊಂಡ್ರ ಬಾಯಿ ತೊಳ್ಕೊಬೇಕು ಅಂತ ಅಮ್ಮಿ ಬಡೀತಿದ್ಲು, ಮೂತೀಲೆ ನೆಲಾ ಅಗಿಯೂ ಕೋರಿಹಲ್ಲಿಂದು ಅಂದ್ರ ತಿಳಕೊ. ಹುಲ್ಲಿಗೆ ಹೋದ ತಿಪ್ಪವ್ವನ ತೊಡಿ ಸೀಳಿತು, ಆಕಿ ಇನ್ನೂ ಹಾಸಿಗ್ಯಾಗ ಅದಾಳ. ಹೊಡಿಯಾಕ ಅಪ್ಪಣಿ ಸಿಕ್ಕಿತು. ರೈಫಲ್ಲು ಗೌಡಂದು, ಹೊಡಿಯೂ ಜೀವಾ ಮಾತ್ರ ನಮ್ಮ ಟಿಕೋಟಾದ ಅಮೋಘಿಂದು. ಫೌಜ ಬಿಟ್ಟು ಬಂದ ಮ್ಯಾಲ ಪಾಪ ಕುರಿ ಕಾಯಕೊಂತ ಇದ್ದಾಂವನ್ನ ಗೌಡ ತನ್ನ ಲೈಸನ್ಸಿನ್ಯಾಗ ಹೆಸರು ಬರಸಿ ಬಂದೂಕ ಹಿಡಿಯೂ ಆಳು ಅಂತ ಇಟಗೊಂಡಾನ. ಅಮೋಘಿ ನೆಲದ ಮ್ಯಾಲ ನಿಂತ. ಗೌಡ ಅಟ್ಟಣಿಗಿ ಏರಿ ದುಪ್ಪಟಿ ಹೊಚಗೊಂಡು ಕುಂತ. ಸಲಗ ಎದುರ ಬಂತು, ಅಮೋಘಿ ಒತ್ತಿದ, ಬರೇ ಟಕ್ ಅಂತು. ಎರಡನೇದೂ ಟಕ್, ಮೂರನೇದೂ ಟಕ್. ಅಮೋಘಿ ಬಂದೂಕ ಒಗದು ಜಾಲಿಗಿಡಾ ಹತ್ತಿದ, ಮುಳ್ಳು ಹರದು ಮೈಯೆಲ್ಲಾ ರಕ್ತ. ಗೌಡ ಅಟ್ಟಣಿಗಿ ಮ್ಯಾಲಿಂದ "ಹೆದರಬ್ಯಾಡ ಲೇ" ಅಂತ ಧೈರ್ಯಾ ಹೇಳಿದನಂತ! ಅಂಥಾ ಶೂರ.

ಮರುದಿನ ಅದ ರೈಫಲ್ಲು, ಅವ ಕಾಡತೂಸು ತಂದು ಮೆಟ್ಟಲ ಮ್ಯಾಲ ನಿಂತು ಮೊದಲು ಬರದೆನಲ್ಲಾ ಆ ಮಾತು ಆಡಿದ. ನಾ ಮೂರೂ ಕಾಡತೂಸು ಬೆಳಕಿಗೆ ಹಿಡದೆ. ಕ್ಯಾಪಿನ ನಟ್ಟನಡುವ ಪಿನ್ನಿನ ತಗ್ಗು ಬಿದ್ದಿತ್ತು, ಎಷ್ಟು ಆಳ ಬೇಕೊ ಅಷ್ಟು. ಪಿನ್ನು ತನ್ನ ಕೆಲಸಾ ಮಾಡೇತಿ. ಮತ್ತ ಯಾಕ ಹಾರಲಿಲ್ಲ? ಮೂಸಿ ನೋಡಿದೆ. ಏನ ವಾಸನಿ ಬಂತು ಹೇಳು ನೋಡೋಣ? ಕುಸುಬಿ ಎಣ್ಣಿ! ಕ್ಯಾಪಿನ ಸಂದ್ಯಾಗ ಕೆಂಪು ಗೆರಿ, ಕುಂಕುಮ. ಐದು ವರ್ಷದಿಂದ ಹನ್ನೆರಡು ಕಾಡತೂಸು ದೇವರ ಜಗಲಿ ಮ್ಯಾಲ ಇಟ್ಟು, ದಸರಾದ ಖಂಡೇಪೂಜಿಗೊಮ್ಮೆ ಎಣ್ಣಿ ಸವರಿ ಕುಂಕುಮ ಹಚ್ಚಾಕತ್ಯಾರ. ಹಚ್ಚೂದಾದ್ರ ಮೈಗೆ ಹಚ್ಚಲಿ, ಇಲ್ಲ. ತಳದ ಕ್ಯಾಪು ದುಂಡಗ ಹಣಿಯಂಗ ಕಾಣತೈತಿ, ಕುಂಕುಮ ಹಣಿಗೇ ಹಚ್ಚಬೇಕಲ್ಲ! ವರ್ಷಾ ವರ್ಷಾ ಎಣ್ಣಿ ಒಳಗ ಇಳದು ಕ್ಯಾಪಿನ ಮದ್ದು ಹಸಿ ಹಿಟ್ಟಾಗೇತಿ. ಅಮೋಘಿನ ಕೈಯಾಗ ಕೊಟ್ಟು ಕಳಿಸಿದ್ದು ಕಾಡತೂಸಲ್ಲ, ನೈವೇದ್ಯ.

ಇದನ್ನ ಗೌಡಗ ತಿಳಿಸಿ ಹೇಳಿದೆ, ರೀ ಹಚ್ಚಿ ಹಚ್ಚಿ ಹೇಳಿದೆ, ನೋಡ್ರಿ, ಮೂಸಿ ನೋಡ್ರಿ ಅಂತ. "ದೇವರ ಎಣ್ಣಿ ಕೆಡಸತೈತೇನು? ನಿಮ್ಮಪ್ಪನ ತಪ್ಪು ಮುಚ್ಚಾಕತ್ತಿ" ಅಂದ. ಆಮ್ಯಾಲ ಒಂದು ನ್ಯಾಯಾ ತಗದ. ನಿಮ್ಮಪ್ಪನ ಕಾಡತೂಸು ಕೊಡು, ಅಮೋಘಿ ಮತ್ತ ನಿಂದರತಾನ, ಅದೂ ಹಾರಲಿಲ್ಲಂದ್ರ ತಪ್ಪು ಪಿನ್ನಿಂದ, ಆಫೀಸಿಗೆ ಅರ್ಜಿ ಬರೀತೇನಿ ಅಂದ. ಥೂ! ನಿನ್ನ ಹೆಸರು ಒರೆಗೆ ಹಚ್ಚಾಕ ಅವಗ ಅಮೋಘಿನ ಹೊಟ್ಟಿನ ಬೇಕಾತು. ತಾ ನಿಂದರತೇನಿ ಅನ್ನಲಿಲ್ಲ ನೋಡು.

ಎರಡು ದಿನ ಬಿಟ್ಟು ಅಮೋಘಿ ಹೆಂಡತಿ ತಾಯವ್ವ ಗೌಡನ ಲೈಸನ್ಸ ಪುಸ್ತಕ ಮತ್ತ ಗಂಡನ ಚೀಟಿ ಹಿಡಕೊಂಡು ಬಂದ್ಲು. ತೊರವಿ ಹತ್ರ ಬಸ್ಸು ಕೆಟ್ಟು ಅಲ್ಲಿಂದ ನಡಕೊಂತ ಬಂದಿದ್ಲು, ಏಳು ತಿಂಗಳ ಬಸರಿ. ಚೀಟ್ಯಾಗ ಒಂದ ಸಾಲು: "ಪೀರಸಾಬ ಅಣ್ಣನ ಚುಕ್ಕಿ ಇಲ್ಲದ ಕಾಡತೂಸು ನಾ ಮುಟ್ಟಂಗಿಲ್ಲ." ತಾಯವ್ವ ಅಳಲಿಲ್ಲ. ನನ್ನ ಕೈ ಹಿಡದು "ಯವ್ವಾ, ಇವು ಹಾರತಾವಿಲ್ಲೊ?" ಅಂತ ಒಂದ ಮಾತು ಕೇಳಿದ್ಲು. ಹಾರತಾವು ಅಂದೆ. ಚುಕ್ಕಿ ಇದ್ದ ನಾಕೂ ಪುಸ್ತಕದಾಗ ಬರದು ಕೊಟ್ಟೆ. ಆಕಿ ಒಂದೊಂದಾಗಿ ಕಣ್ಣಿಗೆ ಒತ್ತಿಕೊಂಡು ಉಡ್ಯಾಗ ಕಟಗೊಂಡ್ಲು. ಮುಂದ ಎರಡು ದಿನ ಯಾರದೇ ಚಪ್ಪಲಿ ಸಪ್ಪಳಾದ್ರ ಎದ್ದು ನೋಡತಿದ್ದೆ.

ಮೊನ್ನಿ ಮಂಗಳವಾರ ಹೊತ್ತು ಏರೂ ಮುಂದ ಸಲಗ ಹಳ್ಳದಿಂದ ಹೊಂಟಿತು. ಅಮೋಘಿ ಮೊದಲನೇದು ಹೊಡದ, ಹಾರಿತು, ಹೆಗಲಿಗೆ ಬಿತ್ತು. ಸಲಗ ಬೀಳಲಿಲ್ಲ, ಅವನ ಮ್ಯಾಲ ತಿರುಗಿತು. ಎಂಟು ಮಾರು ಇದ್ದಾಗ ಎರಡನೇದು ಒತ್ತಿದ, ಅದೂ ಹಾರಿತು. ಅವನ ಕಾಲಿನ ಹತ್ರ ಬಂದು ಮಕಾಡೆ ಬಿತ್ತು ಅಂತ ತಾಯವ್ವ ಬಂದು ಹೇಳಿದ್ಲು. ಅಷ್ಟು ಹೇಳಿ ಆಮ್ಯಾಲ ಅತ್ಲು, ಇಬ್ಬರೂ ಅತ್ತಿವಿ. ಗೌಡ ಏನ ಮಾಡ್ಯಾನ ಕೇಳು. ಅಟ್ಟಣಿಗಿ ಇಳದು, ಪಟಗಾ ಸುತಗೊಂಡು, ವಿಜಾಪುರದಿಂದ ಫೋಟೋದಾಂವನ್ನ ಕರಸಿ, ಸತ್ತದ್ದರ ಮ್ಯಾಲ ಕಾಲಿಟ್ಟು ರೈಫಲ್ಲು ಹಿಡದು ಫೋಟೋ ತಗಸ್ಯಾನ. ಅಮೋಘಿ ಅದರಾಗ ಇಲ್ಲ, ಸಲಗದ ಕಾಲು ಹಿಡದು ಸರ್‌ಯಾಗಿ ಮಲಗಸಾಕ ಅವನ್ನ ಕೆಳಗ ಕುಂದರಸಿದ್ದರಂತ. ನಿನ್ನಿ ನಮ್ಮ ಅಂಗಡಿ ಮುಂದ ಹಾದು ಹೋಗೂ ಮುಂದ ನಾನ ಕರದು ಕೇಳಿದೆ, ಗೌಡ್ರ, ಅರ್ಜಿ ಬರದ್ರೇನು ಅಂತ. "ಪಿನ್ನು ತನ್ನಷ್ಟಕ್ಕ ತಾ ಸರಿ ಆಗಿರಬೇಕು" ಅಂದ. ಹತ್ತು ಮಂದಿ ಕೇಳೂಹಂಗ ನಕ್ಕೆ ಅಬ್ಬಾ. ನೀ ಇದ್ದಿದ್ರ ಬೈತಿದ್ದಿ, ಇರಲಿಲ್ಲ, ಹೊಟ್ಟಿ ತುಂಬ ನಕ್ಕೆ.

ಇಷ್ಟ ಸುದ್ದಿ. ನಿನ್ನ ಚುಕ್ಕಿ ಅಮೋಘಿನ ಜೀವಾ ಉಳಿಸೇತಿ, ಇಡೀ ಟಿಕೋಟಾ ಅದ ಮಾತಾಡಾಕತ್ತೈತಿ. ಗಂಡಾದ್ರ ಪೀರಪ್ಪ ಅಂತ ಹೆಸರಿಡತೇವಿ ಅಂತ ತಾಯವ್ವ ಹೇಳಿ ಕಳಿಸ್ಯಾಳ. ಈಗ ಎರಡು ತುತ್ತು ಹೆಚ್ಚಿಗಿ ಉಣ್ಣು, ಬೆಳಕಿನ ಕಡೆ ಮಾರಿ ಮಾಡಬ್ಯಾಡ, ಬೀಡಿ ಬ್ಯಾಡ. ಭಾವಾಗ ಸಲಾಂ, ಹುಡುಗರಿಗೆ ಮುದ್ದು. ಖುದಾ ನಿನ್ನ ಎರಡೂ ಕಣ್ಣಿಗೆ ಮೊದಲಿನ ಬೆಳಕು ಕೊಡಲಿ.

ನಿನ್ನ ಮಗಳು,
ಸಕೀನಾ

ತಾಜಾಕಲಂ: ಆಪಾ, ಇಲ್ಲಿಗೆ ನಿಂದರು, ಇದು ನಿನಗಷ್ಟ, ಜೋರಾಗಿ ಓದಬ್ಯಾಡ. ಪಿನ್ನು ಖರೇನ ಸರಿ ಐತಿ, ಅದನ್ನ ಅಬ್ಬಾನ ಕೈ ಮಾಡೇತಿ. ಆದ್ರ ಕಣ್ಣಿನ ಮಾತು ಆ ಹೊಲಸು ಗೌಡ ಸುಳ್ಳು ಆಡಿಲ್ಲ. ತಾಯವ್ವ ಬಂದ ದಿನ ಚಹಾದ ಡಬ್ಬಿ ತಗದು ಕೊಡೂಕಿಂತ ಮೊದಲು ಸುಮ್ಮನ ಒಮ್ಮೆ ಉಗುರು ಎಳದು ನೋಡಿದೆ. ಅಬ್ಬಾನ ಚುಕ್ಕಿ ಇದ್ದ ನಾಕರಾಗ ಮೂರರ ಕುತ್ತಿಗಿ ಬಿರಿದಿತ್ತು, ನಾಕನೇದರ ಗುಂಡು ಬೆರಳಾಗ ತಿರುಗಿತು. ಅವನ ಬೆರಳಿಗೂ ಈಗ ತಿಳಿಯವಲ್ದು ಆಪಾ. ಅಮೋಘಿ ಹೊಡದದ್ದು ಅಬ್ಬಾ ನಾಪಾಸು ಮಾಡಿದ ಬಿಸ್ಕೀಟಿನ ಡಬ್ಬ್ಯಾಗಿಂದು, ಆರರಾಗ ಚಲೋ ಇದ್ದ ನಾಕು ನಾ ಆರಿಸಿದೆ. ಚುಕ್ಕಿ ಇಲ್ಲದ್ದು ಅಂವ ಮುಟ್ಟಂಗಿಲ್ಲ ಅಂದಿದ್ನಲ್ಲ, ತಾಯವ್ವಗ ನೀರು ಕೊಟ್ಟು ಕುಂದರಸಿ, ಒಳಗ ಹೋಗಿ ಅಬ್ಬಾನ ಸುಣ್ಣಾ ತಗೊಂಡು ನಾನ ಹಚ್ಚಿದೆ. ಕೆಟ್ಟ ಆ ನಾಕರ ಚುಕ್ಕಿ ಒರಸಿ ಬಿಟ್ಟೇನಿ, ಯಾರಿಗೂ ಹೇಳಿಲ್ಲ. ಅಂವ ಬಂದ ಮ್ಯಾಲ ಮೊದಲಿನಂಗ ತಾನ ಆರಸಲಿ, ತಾನ ಚುಕ್ಕಿ ಹಚ್ಚಲಿ, ಅಂವ ನಮಾಜಿಗೆ ಹೋದಾಗ ನಾ ಇನ್ನೊಮ್ಮೆ ನೋಡತೇನಿ. ಪಟ್ಟಿ ಬಿಚ್ಚಿದ ದಿನ ಏನ ಕಂಡ್ತು, ಎಷ್ಟು ಕಂಡ್ತು ಅಂತ ನನಗ ಖರೆ ಖರೆ ಬರಿ. ಕಣ್ಣು ಬಂದ್ರ ಅಂವ ಈ ಪತ್ರ ಇಸಗೊಂಡು ತಾನ ಓದತಾನ, ಓದೇ ಓದತಾನ, ಅದಕ್ಕ ಈ ತುದಿ ಇವತ್ತ ಹರದು ಒಲಿಗೆ ಹಾಕು.